ಚುಕ್ಕೆ ಮಾಯವಾಯಿತು, ರೋಗ ವಾಸಿಯಾಯಿತೆ?

ಕೆಲವು ವರ್ಷಗಳ ಹಿಂದೆ ಹಾರೋಹಳ್ಳಿಯ ಸಮೀಪದ ಪದವಿಪೂರ್ವ ಕಾಲೇಜೊಂದರಲ್ಲಿ ನಡೆದ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಾನು ತೀರ್ಪುಗಾರನಾಗಿ ಹೋಗಿದ್ದೆ. ಗಾಳಿಯಂತ್ರ, ಮಳೆನೀರು ಕೊಯ್ಲು, ಜ್ವಾಲಾಮುಖಿ ಇವುಗಳ ನಡುವೆ ಒಂದು ಮೇಜಿನ ಮುಂದೆ ಮಾತ್ರ ಜನ ಕಿಕ್ಕಿರಿದಿದ್ದರು. ಅಲ್ಲಿದ್ದದ್ದು ಉಪ್ಪುನೀರಿನ ಮೀನುತೊಟ್ಟಿ. ಅದರೊಳಗೆ ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟಿಗಳಿದ್ದ ಎರಡು ಕ್ಲೌನ್ ಮೀನುಗಳು. 2003ರ 'ಫೈಂಡಿಂಗ್ ನೀಮೊ' ಚಲನಚಿತ್ರದ ನಂತರ ಈ ಮೀನನ್ನು ಗುರುತಿಸದ ಮಕ್ಕಳಿಲ್ಲ. ತೊಟ್ಟಿಯ ಹಿಂದೆ ಅಚ್ಚುಕಟ್ಟಾದ ಒಂದು ಫಲಕವಿತ್ತು: 'ರೋಗ: ಬಿಳಿ ಚುಕ್ಕೆ. ಔಷಧ: ತಾಮ್ರದ ಸಲ್ಫೇಟ್. ಫಲಿತಾಂಶ: ಐದು ದಿನಗಳಲ್ಲಿ ಸಂಪೂರ್ಣ ಗುಣ.'

ವಿವರಿಸಿದ ವಿದ್ಯಾರ್ಥಿನಿ ಚುರುಕಾಗಿ ಮಾತನಾಡಿದಳು. ನಾವು ಎರಡನೆಯ ಬಹುಮಾನ ಕೊಟ್ಟೆವು. ಮೂರು ವಾರಗಳ ಬಳಿಕ ಅವಳ ಅಧ್ಯಾಪಕಿ ದೂರವಾಣಿ ಮಾಡಿ, ಚುಕ್ಕೆಗಳು ಮತ್ತೆ ಬಂದವೆಂದೂ ಎರಡು ಮೀನುಗಳೂ ಸತ್ತವೆಂದೂ ತಿಳಿಸಿದರು. 'ಸರ್, ನಮ್ಮ ಮಕ್ಕಳು ಎಲ್ಲಿ ತಪ್ಪಿದರು?' ಎಂಬುದು ಅವರ ಪ್ರಶ್ನೆ. ವರದಿಯನ್ನು ತರಿಸಿಕೊಂಡು ಈ ಬಾರಿ ನಿಧಾನವಾಗಿ ಓದಿದೆ. ಈ ಲೇಖನ ಆ ವರದಿಯ ವಿಮರ್ಶೆ. ಅದನ್ನು ಓದದೆ ಮೆಚ್ಚಿ ಅಂಕ ಕೊಟ್ಟ ತೀರ್ಪುಗಾರನ ವಿಮರ್ಶೆಯೂ ಹೌದು.

ಮೀನಿನ ವಿಷಯದಲ್ಲಿ ಭೌತವಿಜ್ಞಾನದ ಮೇಷ್ಟರಿಗೇನು ಕೆಲಸ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮುಂದೆ ನೀವೇ ನೋಡುವಂತೆ, ವರದಿಯ ದೋಷಗಳಲ್ಲಿ ಹೆಚ್ಚಿನವು ಜೀವವಿಜ್ಞಾನದವಲ್ಲ. ಅಳತೆ ಮತ್ತು ತರ್ಕಕ್ಕೆ ಸೇರಿದವು.

ಮೊದಲು ಒಳ್ಳೆಯ ಅಂಶವನ್ನು ಹೇಳಿಬಿಡುತ್ತೇನೆ. ವಿದ್ಯಾರ್ಥಿಗಳು ದಿನಚರಿ ಇಟ್ಟಿದ್ದರು. ಏನು ಕಂಡಿತು, ಏನು ಮಾಡಿದೆವು ಎಂಬುದನ್ನು ದಿನದಿನವೂ ಪ್ರಾಮಾಣಿಕವಾಗಿ ಬರೆದಿದ್ದರು. ಅವರ ತೀರ್ಮಾನವನ್ನು ಅವರದೇ ದಿನಚರಿಯಿಂದ ಪ್ರಶ್ನಿಸಲು ನಮಗೆ ಸಾಧ್ಯವಾಗಿರುವುದೇ ಅದರಿಂದ.

ಮೊದಲ ದಿನ: ಏದುಸಿರು

ದಿನಚರಿಯ ಮೊದಲ ಸಾಲು ಹೀಗಿದೆ: 'ಮೀನುಗಳನ್ನು ತೊಟ್ಟಿಗೆ ಬಿಟ್ಟೆವು. ಬೇಗ ಬೇಗ ಉಸಿರಾಡುತ್ತಿವೆ. ರೋಗದ ಲಕ್ಷಣ ಆರಂಭ.'

ಇಲ್ಲಿಯೇ ಅವಸರದ ತೀರ್ಮಾನವಿದೆ. ಮೀನಿಗೆ ನೀರೇ ಗಾಳಿ. ಆದ್ದರಿಂದ ಮೀನು ಏದುಸಿರು ಬಿಟ್ಟಾಗ ಮೊದಲು ಪರೀಕ್ಷಿಸಬೇಕಾದದ್ದು ನೀರನ್ನು. 25° ಸೆ. ಉಷ್ಣತೆಯಲ್ಲಿ, ಸಮುದ್ರ ಮಟ್ಟದಲ್ಲಿ, ಸಿಹಿನೀರು ಲೀಟರಿಗೆ ಸುಮಾರು 8.3 ಮಿ.ಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲುದು. ಸಾವಿರದಲ್ಲಿ 35 ಪಾಲು ಲವಣವಿರುವ ಕಡಲ ನೀರಿನಲ್ಲಿ ಈ ಮಿತಿ ಸುಮಾರು 6.7ಕ್ಕೆ ಇಳಿಯುತ್ತದೆ. ಇನ್ನು ಹಾರೋಹಳ್ಳಿ ಕಡಲ ದಡದಲ್ಲಿಲ್ಲ; ಅದು ಬೆಂಗಳೂರಿನ ಪ್ರಸ್ಥಭೂಮಿಯ ಭಾಗ. ಇಲ್ಲಿ ವಾಯುಭಾರ ಸಮುದ್ರ ಮಟ್ಟದ್ದಕ್ಕಿಂತ ನೂರಕ್ಕೆ ಎಂಟು ಒಂಬತ್ತರಷ್ಟು ಕಡಿಮೆ. ಹೆನ್ರಿಯ ನಿಯಮದಂತೆ ಕರಗುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಇಳಿದು 6.2ರ ಆಸುಪಾಸಿಗೆ ಬರುತ್ತದೆ. ಬೇಸಗೆಯಲ್ಲಿ ನೀರು 30° ಮುಟ್ಟಿದರೆ 5.7. ಇವೆಲ್ಲ ಗರಿಷ್ಠ ಮಿತಿಗಳು ಎಂಬುದನ್ನು ಮರೆಯಬೇಡಿ. ವಿದ್ಯುತ್ ಹೋಗಿ ಗಾಳಿಪಂಪು ನಿಂತರೆ ತೊಟ್ಟಿಯಲ್ಲಿ ನಿಜವಾಗಿ ಇರುವುದು ಇನ್ನೂ ಕಡಿಮೆ.

ಎರಡನೆಯ ಸಾಧ್ಯತೆ ಅಮೋನಿಯ. ಇಲ್ಲಿಂದ ಮಂಗಳೂರಿನ ಕಡಲಿಗಾಗಲಿ ಚೆನ್ನೈನ ಕಡಲಿಗಾಗಲಿ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಮೀನು ಅದೇ ನೀರಿನಲ್ಲಿ ಉಸಿರಾಡುತ್ತದೆ, ಅದೇ ನೀರಿನಲ್ಲಿ ವಿಸರ್ಜಿಸುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಸೇರಿ ಚೀಲದ ನೀರಿನ ಪಿಎಚ್ ಇಳಿಯುತ್ತದೆ. ಪಿಎಚ್ 7ರ ಸುತ್ತ ಇದ್ದಾಗ ಅಮೋನಿಯದ ಬಹುಪಾಲು ಹೆಚ್ಚು ಹಾನಿ ಮಾಡದ ಅಮೋನಿಯಂ ಅಯಾನಿನ ರೂಪದಲ್ಲಿರುತ್ತದೆ. ವಿಷಕಾರಿ ರೂಪ ನೂರಕ್ಕೆ ಅರ್ಧ ಮಾತ್ರ. ಚೀಲ ಬಿಚ್ಚಿ ಗಾಳಿಯಾಡಿಸಿದೊಡನೆ ಅನಿಲ ಹೊರಹೋಗಿ ಪಿಎಚ್ ಏರತೊಡಗುತ್ತದೆ. ಅದು ಕಡಲ ನೀರಿನ 8.2ಕ್ಕೆ ಬಂದಾಗ ವಿಷಕಾರಿ ಪಾಲು ನೂರಕ್ಕೆ ಸುಮಾರು 6. ಅಂದರೆ ಅಮೋನಿಯ ಹೊಸದಾಗಿ ಸೇರದಿದ್ದರೂ ವಿಷ ಹತ್ತು ಪಟ್ಟಿಗೂ ಮೀರಿ ಹೆಚ್ಚುತ್ತದೆ! ಮೀನನ್ನು ಚೀಲದ ನೀರಿನಲ್ಲೇ ಗಂಟೆಗಟ್ಟಲೆ ಬಿಟ್ಟು 'ಹೊಂದಿಸುವುದು' ಅಪಾಯಕರವಾಗುವುದು ಈ ಕಾರಣದಿಂದ. ನಮ್ಮ ವಿದ್ಯಾರ್ಥಿಗಳು ಎರಡು ಗಂಟೆ ಹಾಗೆಯೇ ಬಿಟ್ಟಿದ್ದರೆಂದು ದಿನಚರಿ ಹೇಳುತ್ತದೆ.

ಮೂರನೆಯದು ಲವಣಾಂಶ. 'ಹೈಡ್ರೋಮೀಟರ್‌ನಿಂದ ಅಳೆದೆವು' ಎಂದಷ್ಟೇ ವರದಿಯಲ್ಲಿದೆ. ಯಾವ ಉಷ್ಣತೆಗೆ ಅಂಕಿತವಾದ ಉಪಕರಣ? 15° ಸೆ.ಗೆ ಅಂಕಿತವಾದದ್ದನ್ನು 25° ನೀರಿನಲ್ಲಿ ತೇಲಿಬಿಟ್ಟರೆ ನೀರು ಹಿಗ್ಗಿರುವುದರಿಂದ ಓದು ನಿಜಕ್ಕಿಂತ ಕಡಿಮೆ ಬರುತ್ತದೆ. ಈ ತಪ್ಪು ಸಾವಿರದಲ್ಲಿ ಮೂರಕ್ಕೂ ಹೆಚ್ಚು ಪಾಲು ಲವಣಕ್ಕೆ ಸಮ. 'ಉಪ್ಪು ಸಾಲದು' ಎಂದು ನಾವು ಇನ್ನಷ್ಟು ಸುರಿಯುತ್ತೇವೆ. ಮೀನು 35ರ ಬದಲು 38ರಲ್ಲಿ ಬದುಕಬೇಕಾಗುತ್ತದೆ.

ಆಮ್ಲಜನಕ, ಅಮೋನಿಯ, ಲವಣ ಈ ಮೂರನ್ನೂ ಅಳೆದು ಸರಿಯಿವೆಯೆಂದು ಕಂಡ ಮೇಲೆಯೇ 'ರೋಗ' ಎಂಬ ಮಾತು ಬರಬೇಕು. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ನಿಮಗೆ ನೆನಪಿರಬಹುದು. ಆಗಲೂ ಬೆರಳು ತೋರಿದ್ದು ಯಾವುದೋ ಸೋಂಕಿನ ಕಡೆಗಲ್ಲ, ನೀರಿನಲ್ಲಿ ಕರಗಿದ್ದ ಆಮ್ಲಜನಕದ ಕೊರತೆಯ ಕಡೆಗೆ. ಎಡ್ವರ್ಡ್ ನೋಗ ಅವರು ಮೀನಿನ ರೋಗಗಳ ಬಗ್ಗೆ 1996ರಲ್ಲಿ ಬರೆದ ಪ್ರಸಿದ್ಧ ಗ್ರಂಥದಲ್ಲಿ ಸಮಸ್ಯೆಗಳನ್ನು ಜೋಡಿಸಿರುವುದು ಅವನ್ನು ಪತ್ತೆಮಾಡಲು ಬೇಕಾಗುವ ಪರೀಕ್ಷೆಗಳ ಕ್ರಮದಲ್ಲಿ. ನೀರಿನ ಪರೀಕ್ಷೆಗೆ ಅಲ್ಲಿ ಮೊದಲ ಸ್ಥಾನ.

ಆರನೆಯ ದಿನ: ಚುಕ್ಕೆಗೊಂದು ಹೆಸರು

ಆರನೆಯ ದಿನ ರೆಕ್ಕೆಗಳ ಮೇಲೆ ಉಪ್ಪಿನ ಹರಳಿನಂಥ ಚುಕ್ಕೆಗಳು ಕಂಡವು. ಅಂಗಡಿಯಲ್ಲಿ ಕೊಟ್ಟ ಕರಪತ್ರವನ್ನು ನೋಡಿ ವಿದ್ಯಾರ್ಥಿಗಳು 'ಬಿಳಿ ಚುಕ್ಕೆ ರೋಗ' ಎಂದು ಬರೆದರು. ಇಂಥ ಕರಪತ್ರಗಳನ್ನು ನೀವೂ ನೋಡಿರುತ್ತೀರಿ. ಮೂರು ಕಂಬಸಾಲುಗಳು: ಲಕ್ಷಣ, ರೋಗ, ಔಷಧ. ಒಂದು ಲಕ್ಷಣಕ್ಕೆ ಒಂದೇ ರೋಗ, ಒಂದು ರೋಗಕ್ಕೆ ಒಂದೇ ಔಷಧ. ನಿಘಂಟಿನಲ್ಲಿ ಪದದ ಅರ್ಥ ಹುಡುಕಿದಂತೆ!

ಉಪ್ಪುನೀರಿನ ಮೀನಿನ ಮೈಮೇಲೆ ಬಿಳುಪು ಕಾಣಲು ಕನಿಷ್ಠ ನಾಲ್ಕು ಕಾರಣಗಳುಂಟು. ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಎಂಬ, ಲೋಮಾಂಗಗಳುಳ್ಳ ಏಕಕೋಶ ಪರೋಪಜೀವಿ ಬಿಡಿ ಬಿಡಿಯಾದ, ಎಣಿಸಬಹುದಾದ ಚುಕ್ಕೆಗಳನ್ನು ಉಂಟುಮಾಡುತ್ತದೆ. ಅಮೈಲೂಡೀನಿಯಂ ಎಂಬ ಮತ್ತೊಂದು ಏಕಕೋಶ ಜೀವಿಯಿಂದ ಬರುವುದು ನುಣುಪಾದ ಧೂಳು ಉದುರಿಸಿದಂಥ ಲೇಪ. ಅದು ಮೊದಲು ಕಿವಿರನ್ನು ಹಿಡಿಯುವುದರಿಂದ ಚರ್ಮದ ಮೇಲೆ ಕಾಣುವ ಮೊದಲೇ ಮೀನು ಸಾಯಬಹುದು. ಕ್ಲೌನ್ ಮೀನುಗಳನ್ನು ವಿಶೇಷವಾಗಿ ಕಾಡುವ ಬ್ರೂಕ್ಲಿನೆಲ್ಲ ಹೆಚ್ಚು ಲೋಳೆ ಸುರಿಸುತ್ತದೆ, ಚರ್ಮ ಸುಲಿಯುತ್ತದೆ. ಲಿಂಫೊಸಿಸ್ಟಿಸ್ ವೈರಸ್ಸಿನಿಂದ ಹೂಕೋಸಿನಂಥ ಗಂಟುಗಳಾಗುತ್ತವೆ. ಅದಕ್ಕೆ ಔಷಧವಿಲ್ಲ, ಮೀನು ಚೆನ್ನಾಗಿದ್ದರೆ ತಾನಾಗಿ ಉದುರುವುದುಂಟು. ಎರಡನೆಯದು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ, ನಾಲ್ಕನೆಯದು ಸಾಮಾನ್ಯವಾಗಿ ಕೊಲ್ಲುವುದೇ ಇಲ್ಲ. ಒಂದೇ ಔಷಧ ಎಲ್ಲಕ್ಕೂ ಹೇಗೆ ಸಲ್ಲೀತು?

ಇವನ್ನು ಬೇರ್ಪಡಿಸಲು ದುಬಾರಿ ಉಪಕರಣವೇನೂ ಬೇಡ. ಅನುಭವಿಗಳೊಬ್ಬರು ಗಾಜಿನ ಪಟ್ಟಿಯ ಅಂಚಿನಿಂದ ಮೀನಿನ ಮೈಯ ಲೋಳೆಯನ್ನು ಮೆತ್ತಗೆ ಸವರಿ ತೆಗೆದು, ಅದೇ ತೊಟ್ಟಿಯ ಒಂದು ಹನಿ ನೀರಿನಲ್ಲಿ ಇಟ್ಟು ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯಲ್ಲಿ ನೋಡಿದರೆ ಸಾಕು. ಕ್ರಿಪ್ಟೊಕ್ಯಾರಿಯಾನ್ ನಿಧಾನವಾಗಿ ಹೊರಳುವ ಮಸುಕು ಗುಂಡಿನಂತೆ ಕಾಣುತ್ತದೆ. ಅಮೈಲೂಡೀನಿಯಂ ಪೇರಳೆಯಾಕಾರದ ನಿಶ್ಚಲ ಕೋಶ. ಆ ಕಾಲೇಜಿನ ಜೀವವಿಜ್ಞಾನ ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕಗಳಿದ್ದವು. ಮೀನುತೊಟ್ಟಿಯಿದ್ದ ಮೇಜಿಗೂ ಅವಕ್ಕೂ ನಡುವೆ ಒಂದೇ ಗೋಡೆ!

ಗಾಯದ ಮೇಲೆ ಕಂಡದ್ದೆಲ್ಲ ಕಾರಣವಲ್ಲ ಎಂಬುದಕ್ಕೆ ನಮ್ಮ ಕೆರೆಗಳ ಇತಿಹಾಸವೇ ಸಾಕ್ಷಿ. 1988ರಲ್ಲಿ ಭಾರತದ ಈಶಾನ್ಯ ಭಾಗದಲ್ಲಿ ಕಾಣಿಸಿಕೊಂಡು ನಂತರ ದಕ್ಷಿಣಕ್ಕೂ ಹಬ್ಬಿದ ಮೀನಿನ ಹುಣ್ಣು ರೋಗದಲ್ಲಿ ಮೊದಲು ಬ್ಯಾಕ್ಟೀರಿಯಗಳನ್ನೂ ವೈರಸ್ಸನ್ನೂ ಶಂಕಿಸಲಾಗಿತ್ತು. ಹುಣ್ಣಿನಲ್ಲಿ ಅವು ಇದ್ದದ್ದೂ ನಿಜ. ಆದರೆ ಮೂಲ ಅಪರಾಧಿ ಅಫನೊಮೈಸಿಸ್ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿ ಎಂಬುದು ಸ್ಥಿರಪಡಲು ವರ್ಷಗಳೇ ಬೇಕಾದವು.

ಐದು ದಿನಗಳ ಪವಾಡ

ಈಗ ವರದಿಯ ಮುಖ್ಯ ಹೇಳಿಕೆಗೆ ಬರೋಣ. ಆರನೆಯ ದಿನ ಔಷಧ ಹಾಕಿದರು. ಹನ್ನೊಂದನೆಯ ದಿನ ಚುಕ್ಕೆಗಳಿರಲಿಲ್ಲ. ಆದ್ದರಿಂದ ಔಷಧದಿಂದ ಗುಣವಾಯಿತು. ಈ 'ಆದ್ದರಿಂದ' ಎಂಬ ಪದವನ್ನು ಕೊಂಚ ಹಿಡಿದು ನಿಲ್ಲಿಸೋಣ.

ವಿದ್ಯಾರ್ಥಿಗಳು ಹೆಸರಿಸಿದ ರೋಗವೇ ಸರಿಯೆಂದು ಇಟ್ಟುಕೊಳ್ಳಿ. ಕ್ರಿಪ್ಟೊಕ್ಯಾರಿಯಾನನ್ನು ಜಪಾನಿನ ಸಿಕಾಮ 1937ರಲ್ಲಿ ವರ್ಣಿಸಿದರು, 1951ರಲ್ಲಿ ಬ್ರೌನ್ ಅದಕ್ಕೆ ಈಗಿನ ಹೆಸರನ್ನಿಟ್ಟರು. ಅದರ ಜೀವನಚಕ್ರದಲ್ಲಿ ನಾಲ್ಕು ಹಂತಗಳಿವೆ. ಚರ್ಮದೊಳಗೆ ಸೇರಿ ತಿಂದು ಬೆಳೆಯುವುದು ಮೊದಲನೆಯದು. ನಮ್ಮ ಕಣ್ಣಿಗೆ ಬೀಳುವ ಚುಕ್ಕೆ ಇದೊಂದೇ. ಮೂರರಿಂದ ಏಳು ದಿನಗಳಲ್ಲಿ ಬೆಳವಣಿಗೆ ಮುಗಿಸಿ ಅದು ಮೀನನ್ನು ತಾನಾಗಿಯೇ ಬಿಟ್ಟು ಹೋಗುತ್ತದೆ. ಆಮೇಲೆ ಕೆಲವು ಗಂಟೆ ತಳದಲ್ಲಿ ಹರಿದಾಡಿ, ಮರಳಿಗೋ ಗಾಜಿಗೋ ಅಂಟಿ, ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಕವಚದೊಳಗೆ ವಿಭಜನೆಯಾಗಿ, ಸಾಮಾನ್ಯವಾಗಿ ಮೂರರಿಂದ ಇಪ್ಪತ್ತೆಂಟು ದಿನಗಳೊಳಗೆ, ಇನ್ನೂರರವರೆಗೆ ಮರಿಗಳು ಹೊರಬೀಳುತ್ತವೆ. ಆ ಮರಿಗಳು ಒಂದೆರಡು ದಿನಗಳೊಳಗೆ ಮೀನೊಂದನ್ನು ಹಿಡಿಯದಿದ್ದರೆ ಸಾಯುತ್ತವೆ.

ಈಗ ಲೆಕ್ಕ ಹಾಕಿ. ಔಷಧ ಹಾಕದಿದ್ದರೂ ಹನ್ನೊಂದನೆಯ ದಿನದ ಹೊತ್ತಿಗೆ ಮೊದಲ ಚುಕ್ಕೆಗಳು ಹೋಗಿಯೇ ಇರುತ್ತಿದ್ದವು! ಅಷ್ಟೇ ಅಲ್ಲ. ತಾಮ್ರ ಕೊಲ್ಲುವುದು ನೀರಿನಲ್ಲಿ ಈಜುವ ಮರಿಗಳನ್ನು ಮಾತ್ರ. ಚರ್ಮದೊಳಗಿನ ಚುಕ್ಕೆಯನ್ನೂ ಕವಚದೊಳಗಿನ ಕೋಶವನ್ನೂ ಅದು ಮುಟ್ಟದು. ಹಾಗಾಗಿ ಚುಕ್ಕೆ ಮಾಯವಾದದ್ದು ತಾಮ್ರದ ಕೆಲಸವೇ ಆಗಿರಲಾರದು. ಹತ್ತು ಚುಕ್ಕೆಗಳು ಹೋದವು ಎಂದರೆ ತಳದಲ್ಲಿ ಹತ್ತು ಕವಚಗಳು ಕಾದಿವೆ ಎಂದರ್ಥ. ಒಂದೊಂದರಿಂದ ಇನ್ನೂರರಂತೆ ಎರಡು ಸಾವಿರ ಮರಿಗಳು. ಇಪ್ಪತ್ತಕ್ಕೆ ಒಂದು ಮಾತ್ರ ಮೀನನ್ನು ಸೇರಿತೆಂದು ಊಹಿಸಿದರೂ ಮುಂದಿನ ಸುತ್ತಿನಲ್ಲಿ ನೂರು ಚುಕ್ಕೆಗಳು.

ವಿದ್ಯಾರ್ಥಿಗಳು ಹನ್ನೊಂದನೆಯ ದಿನ 'ಗುಣವಾದ ಕಾರಣ' ಅರ್ಧದಷ್ಟು ನೀರನ್ನು ಬದಲಿಸಿದರು. ಮರಿಗಳು ಹೊರಬರುವ ಹೊತ್ತಿಗೆ ಕಾವಲಿದ್ದ ತಾಮ್ರವನ್ನು ತಾವೇ ಅರ್ಧಕ್ಕಿಳಿಸಿದರು. ಹದಿಮೂರನೆಯ ದಿನ ಪ್ರದರ್ಶನ. ನಾವು ತೀರ್ಪುಗಾರರು ಎರಡು ಸುತ್ತುಗಳ ನಡುವಿನ ಬಿಡುವನ್ನು ನೋಡಿ ಬಹುಮಾನ ಕೊಟ್ಟು ಬಂದೆವು.

ಮೈಲುತುತ್ತದ ಲೆಕ್ಕ

ತಾಮ್ರದ ಸಲ್ಫೇಟ್ ನಮ್ಮ ರೈತರಿಗೆ ಹೊಸದಲ್ಲ. ಬೋರ್ಡೊ ದ್ರಾವಣಕ್ಕೆ ಬಳಸುವ ಮೈಲುತುತ್ತವೇ ಅದು. ಮೀನಿಗೆ ಬೇಕಾದ ಪ್ರಮಾಣ ಮಾತ್ರ ತೀರ ಸೂಕ್ಷ್ಮ. ಲೀಟರಿಗೆ 0.15ರಿಂದ 0.20 ಮಿ.ಗ್ರಾಂ ಅಯಾನು ರೂಪದ ತಾಮ್ರ. ಕಡಿಮೆಯಾದರೆ ಪರೋಪಜೀವಿ ಉಳಿಯುತ್ತದೆ, ಹೆಚ್ಚಾದರೆ ಮೀನಿನ ಕಿವಿರಿಗೇ ಹಾನಿ. ಹರಳು ಮೈಲುತುತ್ತದ ತೂಕದಲ್ಲಿ ತಾಮ್ರ ಕಾಲುಭಾಗ ಮಾತ್ರ ಎಂಬುದನ್ನು ವಿದ್ಯಾರ್ಥಿಗಳು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಶಹಬಾಸ್! ತಪ್ಪಿದ್ದು ಘನಗಾತ್ರದಲ್ಲಿ.

ತೊಟ್ಟಿಯ ಹೊರ ಅಳತೆ 90×45×45 ಸೆಂ.ಮೀ. ಗುಣಿಸಿದರೆ 182 ಲೀಟರು. ಈ ಲೆಕ್ಕದಲ್ಲಿ 0.20 ಬರುವಂತೆ ಔಷಧ ಹಾಕಿದರು. ಆದರೆ ಗಾಜಿನ ದಪ್ಪ ಕಳೆದರೆ ಒಳ ಅಳತೆ 88×43. ನೀರಿನ ಎತ್ತರ 38 ಎಂದು ದಿನಚರಿಯೇ ಹೇಳುತ್ತದೆ. ಅಲ್ಲಿಗೆ 144 ಲೀಟರು. ಮರಳು, ಕಲ್ಲು ಆಕ್ರಮಿಸಿದ್ದು 20 ಲೀಟರು ಎಂದುಕೊಂಡರೆ ಉಳಿದ ನೀರು 124. ಹಾಗಾದರೆ ಮೊದಲ ಗಂಟೆಯಲ್ಲಿ ತಾಮ್ರ 0.20 ಅಲ್ಲ, 0.29! ಆಮೇಲೆ? ತಳದಲ್ಲಿದ್ದದ್ದು ಹವಳದ ಮರಳು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ತಾಮ್ರವನ್ನು ಹೀರಿಕೊಳ್ಳುತ್ತದೆ. ಎಷ್ಟು ಹೀರಿತು, ಎಷ್ಟು ಉಳಿಯಿತು ಎಂಬುದನ್ನು ದಿನಕ್ಕೊಮ್ಮೆ ತಾಮ್ರದ ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ. ಒಮ್ಮೆಯೂ ಮಾಡಿರಲಿಲ್ಲ. ಹೀಗೆ ಒಂದೇ ತೊಟ್ಟಿಯಲ್ಲಿ ಮೊದಲು ವಿಷ, ಬಳಿಕ ಬರಿ ನೀರು ಎಂಬಂತಾಗಿರಬಹುದು.

ಏಳನೆಯ ದಿನದ ದಿನಚರಿಯಲ್ಲಿ ಒಂದು ಸಣ್ಣ ಸಾಲಿದೆ: 'ಸನ್ಯಾಸಿ ಏಡಿ ಸತ್ತಿದೆ. ಕಾರಣ ಗೊತ್ತಿಲ್ಲ.' ಓದುಗರೆ, ಕಾರಣ ನಿಮಗೆ ಈಗಾಗಲೇ ಹೊಳೆದಿರಬೇಕು. ಅಕಶೇರುಕಗಳಿಗೆ ತಾಮ್ರ ಕಡುವಿಷ. ಆ ಏಡಿಯ ಸಾವು ತೊಟ್ಟಿಯಲ್ಲಿದ್ದ ಒಂದೇ ಒಂದು ತಾಮ್ರಮಾಪಕದ ಓದು, ಅದನ್ನು ಓದುವವರಿರಲಿಲ್ಲ. ಫಲಕದಲ್ಲಿ ಏಡಿಯ ಉಲ್ಲೇಖವೇ ಇರಲಿಲ್ಲ. ತೀರ್ಮಾನಕ್ಕೆ ಹೊಂದದ ಮಾಹಿತಿಯನ್ನು ಕೈಬಿಡುವುದು ದೊಡ್ಡ ಸಂಶೋಧಕರಲ್ಲಿಯೂ ಕಾಣುವ ದೋಷ. ಅದರ ಮೊದಲ ಪಾಠ ಕಾಲೇಜಿನ ಮೇಜಿನ ಮೇಲೆಯೇ ಆಗಬಾರದು.

ಪ್ರತ್ಯೇಕವಾಸವೆಂದರೆ ಬೇರೆ ಬಕೆಟ್ಟಲ್ಲ

'ಮೀನುಗಳನ್ನು ಒಂದು ರಾತ್ರಿ ಕ್ವಾರಂಟೈನ್ ಮಾಡಿದೆವು' ಎಂದು ವರದಿ ಹೇಳುತ್ತದೆ. ಅಂದರೆ ಒಂದು ಬಕೆಟ್ಟಿನಲ್ಲಿ ಇಟ್ಟು ಬೆಳಗ್ಗೆ ಅದೇ ಬಲೆಯಿಂದ ತೊಟ್ಟಿಗೆ ಹಾಕಿದರು. 1377ರಲ್ಲಿ ಆಡ್ರಿಯಾಟಿಕ್ ತೀರದ ರಗೂಸ ಪಟ್ಟಣ ಪ್ಲೇಗಿಗೆ ಹೆದರಿ ಹೊರಗಿನಿಂದ ಬಂದವರನ್ನು ಮೂವತ್ತು ದಿನ ದೂರವಿರಿಸಿತು. ಮುಂದೆ ಅದು ನಲವತ್ತಾಯಿತು. ಕ್ವಾರಂಟೈನ್ ಎಂಬ ಪದವೇ ನಲವತ್ತು ಎಂಬ ಇಟಾಲಿಯನ್ ಪದದಿಂದ ಬಂದದ್ದು. 2020ರಲ್ಲಿ ನಮ್ಮ ಮನೆಗಳ ಬಾಗಿಲಿಗೂ ಈ ಪದ ಬಂತು. ದಿನಗಳ ಸಂಖ್ಯೆ ರೋಗ ಹೊರಬೀಳಲು ಬೇಕಾಗುವ ಕಾಲಕ್ಕಿಂತ ಹೆಚ್ಚಿರಬೇಕು ಎಂಬುದನ್ನು ನಾವೆಲ್ಲ ಆಗ ಕಲಿತೆವು. ಒಂದು ರಾತ್ರಿಯಲ್ಲಿ ಏನು ಹೊರಬಿದ್ದೀತು?

ಸರಿಯಾದ ಪ್ರತ್ಯೇಕವಾಸಕ್ಕೆ ಬೇಕಾದದ್ದು ಸರಳ. ಅರವತ್ತು ಎಂಬತ್ತು ಲೀಟರಿನ ಬರಿಗಾಜಿನ ತೊಟ್ಟಿ. ಮರಳು, ಹವಳ ಬೇಡ. ಮೀನು ಅವಿತುಕೊಳ್ಳಲು ಪಿವಿಸಿ ಕೊಳವೆಯ ತುಂಡು. ವಾರಗಳ ಮೊದಲೇ ಬ್ಯಾಕ್ಟೀರಿಯ ನೆಲೆಗೊಂಡ ಸ್ಪಂಜಿನ ಶೋಧಕ. ಬೇರೆ ಬಲೆ, ಬೇರೆ ಕೊಳವೆ. ಕೆಲಸದಲ್ಲೂ ಕ್ರಮವಿರಲಿ: ಮೊದಲು ಆರೋಗ್ಯವಂತ ತೊಟ್ಟಿ, ಕೊನೆಗೆ ಇದು, ಬಳಿಕ ಕೈತೊಳೆಯುವುದು. ಗಾಳಿಗುಳ್ಳೆ ಒಡೆದು ಸಿಡಿಯುವ ಹನಿಗಳೂ ರೋಗವನ್ನು ಒಯ್ಯಬಲ್ಲವಾದ್ದರಿಂದ ಎರಡು ತೊಟ್ಟಿಗಳು ಒತ್ತಿಗೆ ಇರಕೂಡದು. ನಾಲ್ಕರಿಂದ ಆರು ವಾರಗಳ ವೀಕ್ಷಣೆ. ದಿನವೂ ಒಂದೇ ಹೊತ್ತಿನಲ್ಲಿ ಕೈಗಡಿಯಾರ ಹಿಡಿದು ಕಿವಿರು ಮುಚ್ಚಳ ನಿಮಿಷಕ್ಕೆ ಎಷ್ಟು ಬಾರಿ ಮಿಡಿಯುತ್ತದೆಂದು ಎಣಿಸಿ ನಕ್ಷೆ ಬರೆಯಿರಿ. ಇನ್ನೊಂದು ಮೀನಿನ ಅಂಕಿಗಿಂತ ಅದೇ ಮೀನಿನ ನಿನ್ನೆಯ ಅಂಕಿ ಹೆಚ್ಚು ಹೇಳುತ್ತದೆ.

ಕ್ರಿಪ್ಟೊಕ್ಯಾರಿಯಾನ್ ಎಂದು ಸೂಕ್ಷ್ಮದರ್ಶಕದಲ್ಲಿ ಖಚಿತವಾದರೆ ಔಷಧವಿಲ್ಲದ ಒಂದು ಸೊಗಸಾದ ವಿಧಾನವಿದೆ. 1987ರಲ್ಲಿ ಇಸ್ರೇಲಿನ ಆಂಜೆಲೊ ಕೊಲೊರ್ನಿ ಇದನ್ನು ವಿವರಿಸಿದರು. ಮೀನನ್ನು ಮೂರು ದಿನಗಳಿಗೊಮ್ಮೆ, ನಾಲ್ಕು ಬಾರಿ, ತೊಳೆದು ಒಣಗಿಸಿದ ಬೇರೆ ತೊಟ್ಟಿಗೆ ಬದಲಾಯಿಸುವುದು. ಚುಕ್ಕೆ ಮೀನನ್ನು ಬಿಡಲು ಹೆಚ್ಚೆಂದರೆ ಏಳು ದಿನ. ಉದುರಿದ ಕವಚ ಮರಿಹಾಕಲು ಕಡಿಮೆಯೆಂದರೆ ಮೂರು ದಿನ. ಉದುರಿದ್ದು ಮರಿಹಾಕುವ ಮೊದಲೇ ಮೀನು ಬೇರೆಡೆ ಇರುತ್ತದೆ. ಹನ್ನೆರಡು ದಿನಗಳಲ್ಲಿ ಮೈಮೇಲಿದ್ದದ್ದೆಲ್ಲ ಹಿಂದೆ ಉಳಿಯುತ್ತದೆ. ಎರಡೇ ಸಂಖ್ಯೆಗಳ ಹೋಲಿಕೆಯಿಂದ ಹುಟ್ಟಿದ ಚಿಕಿತ್ಸೆ! ಆದರೆ ಅಮೈಲೂಡೀನಿಯಂಗೆ ಇದು ನಡೆಯದು. ಹೆಸರು ಖಚಿತವಾಗಬೇಕೆಂದು ಮೊದಲೇ ಹಟ ಹಿಡಿದದ್ದು ಅದಕ್ಕೇ. ಮೂಲ ತೊಟ್ಟಿಯಲ್ಲಿ ಎರಡೂವರೆ ತಿಂಗಳು ಒಂದೂ ಮೀನಿರಬಾರದು. ಎರಡು ತಿಂಗಳಿಗೂ ಮೀರಿ ಕವಚದೊಳಗಿದ್ದು ಮರಿ ಹೊರಬಂದ ದಾಖಲೆ ಇದೆ.

ಯಾರ ತಪ್ಪು?

ಆ ಮೀನುಗಳು ಯಾವುದರಿಂದ ಸತ್ತವು? ಪರೋಪಜೀವಿಯೆ, ತಾಮ್ರವೆ, ಅಮೋನಿಯವೆ? ವರದಿಯಿಂದ ಹೇಳಲು ಬರುವುದಿಲ್ಲ. ಮೀನು ಸತ್ತದ್ದಕ್ಕಿಂತ ಇದೇ ಆ ವರದಿಯ ದೊಡ್ಡ ಸೋಲು. ಎಚ್ಚರಿಕೆಯಿಂದ ಸಾಕಿದ ಮೀನೂ ಸಾಯಬಹುದು. ಆಗ ಏಕೆ ಸತ್ತಿತೆಂದಾದರೂ ತಿಳಿಯಬೇಕು.

ಆದರೆ ಹದಿನೇಳು ವರ್ಷದ ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. 'ಔಷಧ ಹಾಕದ ಮೀನು ಏನಾಯಿತು?' ಎಂಬ ಒಂದು ಪ್ರಶ್ನೆಯನ್ನು ನಾನು ಕೇಳಬೇಕಿತ್ತು. ಕೇಳಲಿಲ್ಲ. ತರಗತಿಯಲ್ಲಿ ಲೋಲಕದ ಪ್ರಯೋಗಕ್ಕೆ ದೋಷದ ಅಂದಾಜು ಬರೆಯದಿದ್ದರೆ ಅಂಕ ಕಳೆಯುವ ನಾನು, ಜೀವಂತ ಪ್ರಾಣಿಯ ಮೇಲಿನ ಪ್ರಯೋಗಕ್ಕೆ ಫಲಕದ ಅಂದ ನೋಡಿ ಅಂಕ ಹಾಕಿದೆ. ಬಹುಮಾನ ಆ ತರ್ಕಕ್ಕೆ ಮುದ್ರೆಯೊತ್ತಿತು. ಮುಂದಿನ ವರ್ಷ ಅದೇ ಕಾಲೇಜಿನಲ್ಲಿ ಅದೇ ಔಷಧದ ಫಲಕ ಮತ್ತೆ ಬಂದಿದ್ದರೆ ಅದಕ್ಕೆ ಹೊಣೆ ನಾನೇ.

ಅಧ್ಯಾಪಕ ಮಿತ್ರರಲ್ಲಿ ಒಂದು ವಿನಂತಿ. ಉಪ್ಪುನೀರಿನ ತೊಟ್ಟಿಯನ್ನು ಇಡಲೇಬೇಕೆಂದಿದ್ದರೆ, ಮೀನು ತರುವ ಒಂದು ತಿಂಗಳ ಮೊದಲೇ ನೀರನ್ನು ಮಾತ್ರ ಇಡಿ. ಉಷ್ಣತೆಯೊಂದಿಗೆ ಹೈಡ್ರೋಮೀಟರ್ ಓದು ಹೇಗೆ ಬದಲಾಗುತ್ತದೆ, ಅಮೋನಿಯ ನೈಟ್ರೈಟಾಗಿ, ನೈಟ್ರೈಟ್ ನೈಟ್ರೇಟಾಗಿ ಹೇಗೆ ಮಾರ್ಪಡುತ್ತದೆ ಎಂದು ವಿದ್ಯಾರ್ಥಿಗಳು ಅಳೆಯಲಿ. ಅಷ್ಟೇ ಒಂದು ಪೂರ್ಣ ಯೋಜನೆಯಾದೀತು. ಮೀನು ಬೇಕಾದರೆ ಹವಳದ ದಿಬ್ಬದಿಂದ ಹಿಡಿದು ತಂದದ್ದು ಬೇಡ. ಕ್ಲೌನ್ ಮೀನುಗಳನ್ನು ಮರಿಕೇಂದ್ರದಲ್ಲಿ ಬೆಳೆಸುವ ತಂತ್ರವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ. ರೋಗದ ಸಂಶಯ ಬಂದಾಗ ಅಂಗಡಿಯ ಕರಪತ್ರಕ್ಕೆ ಮೊದಲು ಮಂಗಳೂರಿನ ಮೀನುಗಾರಿಕೆ ಕಾಲೇಜಿನಂಥ ಸಂಸ್ಥೆಯ ತಜ್ಞರನ್ನು ಕೇಳಿ.

ಆ ಅಧ್ಯಾಪಕಿಗೆ ನಾನು ಇಷ್ಟನ್ನೂ ಬರೆದು ಕಳಿಸಿದೆ. ಅವರ ಉತ್ತರದ ಜೊತೆ ವಿದ್ಯಾರ್ಥಿನಿಯ ಒಂದು ಚೀಟಿಯೂ ಇತ್ತು. ಅವಳ ಪ್ರಶ್ನೆ ಒಂದೇ: 'ಸರ್, ಏಡಿ ಸತ್ತ ದಿನವೇ ಔಷಧ ನಿಲ್ಲಿಸಿ ನೀರು ಬದಲಿಸಿದ್ದರೆ ಮೀನು ಉಳಿಯುತ್ತಿತ್ತೆ?' ಉಳಿಯುತ್ತಿತ್ತೆಂದು ಹೇಳಲಾರೆ. ಆದರೆ ಈ ಪ್ರಶ್ನೆ ಫಲಕದ ಮೇಲಿದ್ದಿದ್ದರೆ, ಅದಕ್ಕೆ ನಾನು ಮೊದಲ ಬಹುಮಾನ ಕೊಡುತ್ತಿದ್ದೆ ಎಂದು ಅವಳಿಗೆ ಬರೆದಿದ್ದೇನೆ.